ಬರ್ನ್‌ಹಾರ್ಡ್ ಉಲ್ರಿಖ್

ಬರ್ನ್‌ಹಾರ್ಡ್ ಉಲ್ರಿಖ್ ಅವರು ಜರ್ಮನಿಯ ಮಣ್ಣು ವಿಜ್ಞಾನಿ. ಅವರು ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ವಾಯುಮಾಲಿನ್ಯದಿಂದ ಉಂಟಾಗುವ ಆಮ್ಲಮಳೆಯು ಕಾಡಿನ ಮಣ್ಣನ್ನೂ ಅಲ್ಲಿನ ಪೋಷಕಾಂಶಗಳ ಚಕ್ರವನ್ನೂ ಹೇಗೆ ಬದಲಿಸುತ್ತದೆ ಎಂಬುದನ್ನು ದೀರ್ಘಕಾಲದ ಅಳತೆಗಳ ಮೂಲಕ ತೋರಿಸಿದ ವಿಜ್ಞಾನಿಗಳಲ್ಲಿ ಅವರು ಪ್ರಮುಖರು. ಜರ್ಮನಿಯ ಕಾಡುಗಳು ವ್ಯಾಪಕವಾಗಿ ಸಾಯಲಿವೆ ಎಂಬ ಅವರ ಎಚ್ಚರಿಕೆಯು 1980ರ ದಶಕದಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಆ ಮುನ್ಸೂಚನೆ ಹೇಳಿದ ರೀತಿಯಲ್ಲಿ ನಿಜವಾಗಲಿಲ್ಲ. ಆದರೆ ಮಣ್ಣಿನ ಆಮ್ಲೀಕರಣದ ಬಗ್ಗೆ ಅವರು ನೀಡಿದ ವಿವರಣೆಯು ಇಂದಿಗೂ ಅರಣ್ಯ ಮಣ್ಣಿನ ಅಧ್ಯಯನಕ್ಕೆ ಆಧಾರವಾಗಿದೆ.

ಹಿನ್ನೆಲೆ

ಕಲ್ಲಿದ್ದಲು ಮತ್ತು ತೈಲವನ್ನು ಉರಿಸಿದಾಗ ಗಂಧಕದ ಡೈಆಕ್ಸೈಡ್ ಹಾಗೂ ಸಾರಜನಕದ ಆಕ್ಸೈಡ್‌ಗಳು ಗಾಳಿಗೆ ಸೇರುತ್ತವೆ. ಇವು ವಾತಾವರಣದಲ್ಲಿ ಗಂಧಕಾಮ್ಲ ಮತ್ತು ನೈಟ್ರಿಕ್ ಆಮ್ಲಗಳಾಗಿ ಪರಿವರ್ತನೆ ಹೊಂದಿ ಮಳೆ, ಮಂಜು ಮತ್ತು ಧೂಳಿನೊಡನೆ ನೆಲಕ್ಕಿಳಿಯುತ್ತವೆ. ಸ್ವೀಡನ್ನಿನ ಮಣ್ಣು ವಿಜ್ಞಾನಿ ಸ್ವಾಂಟೆ ಓಡೆನ್ ಅವರು 1967ರಲ್ಲಿ ಈ ಆಮ್ಲವು ದೇಶಗಳ ಗಡಿ ದಾಟಿ ಬರುತ್ತಿದೆ ಎಂದು ತೋರಿಸಿ, ಅದನ್ನು ಕೆರೆಗಳ ಆಮ್ಲೀಕರಣದೊಂದಿಗೆ ಜೋಡಿಸಿದ್ದರು. ಉಲ್ರಿಖ್ ಅವರ ಕೆಲಸವು ಕಾಡಿನ ನೆಲದೊಳಗೆ ಆಗುವ ಬದಲಾವಣೆಗಳನ್ನು ಕುರಿತದ್ದು.

ಸೋಲಿಂಗ್ ಅಧ್ಯಯನ

ಲೋಯರ್ ಸ್ಯಾಕ್ಸನಿ ರಾಜ್ಯದ ಸೋಲಿಂಗ್ ಬೆಟ್ಟಪ್ರದೇಶದಲ್ಲಿ 1966ರಲ್ಲಿ ಆರಂಭವಾದ ಅಧ್ಯಯನವು ಅಂತಾರಾಷ್ಟ್ರೀಯ ಜೈವಿಕ ಕಾರ್ಯಕ್ರಮದ ಭಾಗವಾಗಿತ್ತು. ಸಸ್ಯ ಪರಿಸರ ವಿಜ್ಞಾನಿ ಹೈನ್ಸ್ ಎಲೆನ್‌ಬರ್ಗ್ ಅವರು ಇದರ ನೇತೃತ್ವ ವಹಿಸಿದ್ದರು. ಮಣ್ಣು ಮತ್ತು ಪೋಷಕಾಂಶಗಳ ಭಾಗವನ್ನು ಉಲ್ರಿಖ್ ಅವರ ತಂಡ ನೋಡಿಕೊಂಡಿತು. ಎಲೆ ಉದುರಿಸುವ ಬೀಚ್ ಮರಗಳ ಕಾಡು ಮತ್ತು ನಿತ್ಯಹಸುರಾದ ಸ್ಪ್ರೂಸ್ ಮರಗಳ ಕಾಡು ಇಲ್ಲಿನ ಮುಖ್ಯ ಅಧ್ಯಯನ ಸ್ಥಳಗಳು.

ತಂಡವು ಬಯಲಿನಲ್ಲಿ ಬೀಳುವ ಮಳೆನೀರು, ಮರಗಳ ಮೇಲ್ಛಾವಣಿಯಿಂದ ತೊಟ್ಟಿಕ್ಕುವ ನೀರು, ಉದುರಿದ ಎಲೆಗಳು ಮತ್ತು ಬೇರುವಲಯದಿಂದ ಕೆಳಗೆ ಬಸಿಯುವ ನೀರು ಇವೆಲ್ಲವನ್ನೂ ವರ್ಷಗಟ್ಟಲೆ ಸಂಗ್ರಹಿಸಿ ವಿಶ್ಲೇಷಿಸಿತು. ಹೀಗೆ ಕಾಡಿಗೆ ಬರುವ ಮತ್ತು ಕಾಡಿನಿಂದ ಹೋಗುವ ಪ್ರತಿಯೊಂದು ಧಾತುವಿನ ಜಮಾಖರ್ಚನ್ನು ಸಿದ್ಧಪಡಿಸಲಾಯಿತು. ಸ್ಪ್ರೂಸ್ ಕಾಡಿನ ನೆಲಕ್ಕೆ ಸೇರುವ ಗಂಧಕದ ಪ್ರಮಾಣವು ಬಯಲಿಗೆ ಬೀಳುವುದರ ಎರಡು ಪಟ್ಟಿಗೂ ಹೆಚ್ಚಾಗಿದೆ ಎಂಬುದು ಇದರಿಂದ ತಿಳಿದುಬಂತು. ಚಳಿಗಾಲದಲ್ಲಿಯೂ ಉಳಿಯುವ ಸೂಜಿಯಂಥ ಎಲೆಗಳು ಗಾಳಿ ಮತ್ತು ಮಂಜಿನಲ್ಲಿರುವ ಮಾಲಿನ್ಯವನ್ನು ಸೋಸಿ ಹಿಡಿಯುವುದೇ ಇದಕ್ಕೆ ಕಾರಣ. ಬಯಲಿನ ಮಳೆಯನ್ನು ಮಾತ್ರ ಅಳೆದರೆ ಕಾಡಿನ ಮೇಲಿನ ಹೊರೆ ತೀರಾ ಕಡಿಮೆಯಾಗಿ ಕಾಣುತ್ತದೆ ಎಂಬುದು ಈ ಅಧ್ಯಯನದ ಮಹತ್ವದ ಪಾಠ.

ಪೋಷಕಾಂಶ ಚಕ್ರ ಮತ್ತು ಆಮ್ಲ

ಮರದ ಬೇರುಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳನ್ನು ಹೀರಿಕೊಳ್ಳುವಾಗ ಮಣ್ಣಿಗೆ ಜಲಜನಕದ ಅಯಾನುಗಳನ್ನು ಬಿಡುತ್ತವೆ. ಅಂದರೆ ಬೆಳವಣಿಗೆಯೇ ಸ್ವಲ್ಪ ಆಮ್ಲವನ್ನು ಉಂಟುಮಾಡುತ್ತದೆ. ತರಗೆಲೆಗಳು ಕೊಳೆತು ಈ ಪೋಷಕಾಂಶಗಳು ಮಣ್ಣಿಗೆ ಮರಳಿದಾಗ ಆ ಆಮ್ಲವು ಬಳಕೆಯಾಗಿ ಹೋಗುತ್ತದೆ. ಹೀರಿಕೆ ಮತ್ತು ಕೊಳೆಯುವಿಕೆ ಸರಿಸಮವಾಗಿರುವವರೆಗೆ ಚಕ್ರವು ಸಮತೋಲನದಲ್ಲಿರುತ್ತದೆ. ಮರವನ್ನು ಕಡಿದು ಸಾಗಿಸಿದಾಗ ಅಥವಾ ನೈಟ್ರೇಟ್ ನೀರಿನೊಡನೆ ಬಸಿದುಹೋದಾಗ ಈ ಚಕ್ರ ಕಡಿದು, ಆಮ್ಲವು ಮಣ್ಣಿನಲ್ಲಿಯೇ ಉಳಿಯುತ್ತದೆ ಎಂದು ಉಲ್ರಿಖ್ ವಿವರಿಸಿದರು. ಗಾಳಿಯಿಂದ ಬರುವ ಆಮ್ಲವು ಇದಕ್ಕೆ ಹೆಚ್ಚುವರಿ ಹೊರೆಯಾಗುತ್ತದೆ. ಸಲ್ಫೇಟ್ ಬಸಿದುಹೋಗುವಾಗ ತನ್ನೊಡನೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನೂ ಒಯ್ಯುವುದರಿಂದ ಮಣ್ಣು ಕ್ರಮೇಣ ಬಡವಾಗುತ್ತದೆ.

ಮಣ್ಣಿನ ತಡೆಶಕ್ತಿಯ ವಲಯಗಳು

ಮಣ್ಣು ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿಯನ್ನು ಉಲ್ರಿಖ್ ಅವರು ಪಿಎಚ್ ಮೌಲ್ಯಕ್ಕೆ ಅನುಗುಣವಾಗಿ ವಲಯಗಳನ್ನಾಗಿ ವಿಂಗಡಿಸಿದರು. ಪಿಎಚ್ ಕಡಿಮೆಯಾದಷ್ಟೂ ಆಮ್ಲತೆ ಹೆಚ್ಚು. ಮುಖ್ಯ ವಲಯಗಳು ಹೀಗಿವೆ:

- ಕಾರ್ಬೊನೇಟ್ ವಲಯ, ಪಿಎಚ್ 6.2ಕ್ಕಿಂತ ಮೇಲೆ: ಮಣ್ಣಿನಲ್ಲಿರುವ ಸುಣ್ಣವು ಕರಗಿ ಆಮ್ಲವನ್ನು ತಡೆಯುತ್ತದೆ.
- ಸಿಲಿಕೇಟ್ ವಲಯ, ಪಿಎಚ್ 6.2ರಿಂದ 5.0: ಖನಿಜಗಳ ನಿಧಾನವಾದ ಶಿಥಿಲೀಕರಣವು ಆಮ್ಲವನ್ನು ಬಳಸಿಕೊಳ್ಳುತ್ತದೆ.
- ಅಯಾನು ವಿನಿಮಯ ವಲಯ, ಪಿಎಚ್ 5.0ರಿಂದ 4.2: ಜೇಡಿ ಕಣಗಳಿಗೆ ಅಂಟಿಕೊಂಡ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಬಿಡುಗಡೆಯಾಗಿ ನಷ್ಟವಾಗುತ್ತವೆ.
- ಅಲ್ಯೂಮಿನಿಯಂ ವಲಯ, ಪಿಎಚ್ 4.2ಕ್ಕಿಂತ ಕೆಳಗೆ: ಅಲ್ಯೂಮಿನಿಯಂ ಅಯಾನುಗಳು ಮಣ್ಣಿನ ನೀರಿಗೆ ಕರಗಿ ಬರುತ್ತವೆ.
- ಕಬ್ಬಿಣದ ವಲಯ: ಇನ್ನೂ ತೀವ್ರ ಆಮ್ಲತೆಯಲ್ಲಿ ಕಬ್ಬಿಣವೂ ಕರಗತೊಡಗುತ್ತದೆ.

ಕರಗಿದ ಅಲ್ಯೂಮಿನಿಯಂ ಮರಗಳ ಎಳೆಬೇರುಗಳಿಗೆ ವಿಷಕಾರಿ. ಅಲ್ಯೂಮಿನಿಯಂಗೆ ಹೋಲಿಸಿದರೆ ಕ್ಯಾಲ್ಸಿಯಂ ಕಡಿಮೆಯಾದಾಗ ಬೇರುಗಳಿಗೆ ಅಪಾಯ ಹೆಚ್ಚುತ್ತದೆ ಎಂಬುದು ಅವರ ವಾದ. ರಾಬರ್ಟ್ ಮೇಯರ್ ಮತ್ತು ಪಿ. ಕೆ. ಖನ್ನಾ ಅವರೊಡನೆ ಬರೆದು 1980ರಲ್ಲಿ 'ಸಾಯಿಲ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸೋಲಿಂಗ್ ಮಣ್ಣಿನಲ್ಲಿ ಆಮ್ಲಮಳೆಯಿಂದಾದ ರಾಸಾಯನಿಕ ಬದಲಾವಣೆಗಳನ್ನು ಅವರು ಮಂಡಿಸಿದರು.

ಮುನ್ಸೂಚನೆ ಮತ್ತು ವಿವಾದ

1981ರ ನವೆಂಬರ್‌ನಲ್ಲಿ ಜರ್ಮನಿಯ 'ಡೆರ್ ಸ್ಪೀಗೆಲ್' ವಾರಪತ್ರಿಕೆಯು ಕಾಡಿನ ಸಾವನ್ನು ಮುಖಪುಟದ ವಿಷಯವಾಗಿಸಿತು. ಐದು ವರ್ಷಗಳೊಳಗೆ ಮೊದಲ ದೊಡ್ಡ ಕಾಡುಗಳು ಸಾಯಲಿವೆ ಎಂಬ ಉಲ್ರಿಖ್ ಅವರ ಹೇಳಿಕೆಯು ವ್ಯಾಪಕ ಪ್ರಚಾರ ಪಡೆಯಿತು.

ಇತರ ಸಂಶೋಧಕರು ಈ ನಿಲುವನ್ನು ಪೂರ್ಣವಾಗಿ ಒಪ್ಪಲಿಲ್ಲ. ಬವೇರಿಯಾದ ಬೆಟ್ಟಗಳಲ್ಲಿ ಸ್ಪ್ರೂಸ್ ಎಲೆಗಳು ಹಳದಿಯಾಗಲು ಮೆಗ್ನೀಸಿಯಂ ಕೊರತೆಯೇ ನೇರ ಕಾರಣವೆಂದು ಕಂಡುಬಂತು. ಓಝೋನ್, ಬರಗಾಲ ಮತ್ತು ಕೀಟಗಳ ಪಾತ್ರವನ್ನೂ ಹಲವರು ಮುಂದಿಟ್ಟರು. ಎರ್ಟ್ಸ್ ಪರ್ವತಗಳಲ್ಲಿ ತೀವ್ರ ಗಂಧಕ ಮಾಲಿನ್ಯಕ್ಕೆ ಸಿಕ್ಕಿದ ಕಾಡುಗಳು ನಿಜವಾಗಿಯೂ ನಾಶವಾದವು. ಆದರೆ ದೇಶವ್ಯಾಪಿ ಸಾವು ಸಂಭವಿಸಲಿಲ್ಲ. ಮುನ್ಸೂಚನೆ ಸುಳ್ಳಾದುದರಿಂದ ಆಮ್ಲಮಳೆಯ ಭಯವೇ ಅತಿರಂಜಿತವೆಂದು ಕೆಲವರು ವಾದಿಸಿದರು. ಆದರೆ ಮರಗಳು ಯಾವಾಗ ಸಾಯುತ್ತವೆ ಎಂಬ ಊಹೆಯೂ ಮಣ್ಣು ಪೋಷಕಾಂಶಗಳನ್ನು ಕಳೆದುಕೊಳ್ಳುತ್ತಿದೆ ಎಂಬ ಅಳತೆಯೂ ಬೇರೆ ಬೇರೆ. ಮೊದಲನೆಯದು ತಪ್ಪಿದರೂ ಎರಡನೆಯದು ಯುರೋಪಿನ ಅನೇಕ ಕಾಡುಗಳ ಅಧ್ಯಯನಗಳಲ್ಲಿ ದೃಢಪಟ್ಟಿತು.

ಪರಿಣಾಮಗಳು

ಪಶ್ಚಿಮ ಜರ್ಮನಿಯು 1983ರಲ್ಲಿ ದೊಡ್ಡ ದಹನ ಸ್ಥಾವರಗಳ ಹೊಗೆಗೆ ಕಟ್ಟುನಿಟ್ಟಾದ ಮಿತಿ ವಿಧಿಸಿತು. ವಿದ್ಯುತ್ ಸ್ಥಾವರಗಳಲ್ಲಿ ಸುಣ್ಣದ ದ್ರಾವಣದಿಂದ ಹೊಗೆಯನ್ನು ತೊಳೆದು ಗಂಧಕವನ್ನು ಜಿಪ್ಸಂ ರೂಪದಲ್ಲಿ ಬೇರ್ಪಡಿಸುವ ವ್ಯವಸ್ಥೆ ಬಂತು. 1985ರ ಹೆಲ್ಸಿಂಕಿ ಒಡಂಬಡಿಕೆಗೆ ಸಹಿ ಮಾಡಿದ ರಾಷ್ಟ್ರಗಳು 1993ರೊಳಗೆ ಗಂಧಕದ ಹೊರಸೂಸುವಿಕೆಯನ್ನು 1980ರ ಮಟ್ಟಕ್ಕಿಂತ ಕನಿಷ್ಠ 30 ಶೇಕಡಾ ತಗ್ಗಿಸಲು ಒಪ್ಪಿದವು. ಆಮ್ಲೀಯವಾದ ಕಾಡುಗಳಿಗೆ ಮೆಗ್ನೀಸಿಯಂಯುಕ್ತ ಸುಣ್ಣವನ್ನು ಹೆಲಿಕಾಪ್ಟರ್‌ಗಳಿಂದಲೂ ಎರಚಲಾಯಿತು.

ಚೇತರಿಕೆಯ ವೇಗವನ್ನು ಅರಿಯಲು ಸೋಲಿಂಗ್‌ನ ಸ್ಪ್ರೂಸ್ ಕಾಡಿನಲ್ಲಿ ಮರಗಳ ಮೇಲ್ಛಾವಣಿಯ ಕೆಳಗೆ ಪಾರದರ್ಶಕ ಚಾವಣಿ ಕಟ್ಟಿ, ಆಮ್ಲ ತೆಗೆದ ಮಳೆನೀರನ್ನು ನೆಲಕ್ಕೆ ಸಿಂಪಡಿಸುವ ಪ್ರಯೋಗವನ್ನು 1991ರಿಂದ ನಡೆಸಲಾಯಿತು. ನೈಟ್ರೇಟ್ ಬಸಿಯುವಿಕೆ ಬೇಗನೆ ತಗ್ಗಿತು. ಆದರೆ ಮಣ್ಣಿನಲ್ಲಿ ಹಿಂದೆಯೇ ಸಂಗ್ರಹವಾಗಿದ್ದ ಸಲ್ಫೇಟ್ ಬಿಡುಗಡೆಯಾಗುತ್ತಲೇ ಇದ್ದುದರಿಂದ ಸಲ್ಫೇಟ್ ಮತ್ತು ಅಲ್ಯೂಮಿನಿಯಂ ನಿಧಾನವಾಗಿ ಇಳಿದವು. ಗಾಳಿ ಶುದ್ಧವಾದರೂ ಮಣ್ಣು ಕಳೆದುಕೊಂಡ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಖನಿಜಗಳ ಶಿಥಿಲೀಕರಣದಿಂದ ಮತ್ತೆ ತುಂಬಿಬರಲು ಬಹಳ ದೀರ್ಘ ಕಾಲ ಬೇಕಾಗುತ್ತದೆ.