ಹೇರು, ಗಾಣ, ಕಡತ: ವ್ಯಾಪಾರದ ಲೆಕ್ಕ ಮತ್ತು ತೆರಿಗೆಯ ಅಳತೆ

ಶಿರೂರು, ಬಾದಾಮಿ, ಹುನಗುಂದಗಳ ಸೀಮೆಯಲ್ಲಿರುವ ಐಹೊಳೆ ಎಂದೊಡನೆ ದೇವಾಲಯಗಳೂ ಕ್ರಿ.ಶ. 634ರ ರವಿಕೀರ್ತಿಯ ಮೇಗುಟಿ ಶಾಸನವೂ ನೆನಪಾಗುತ್ತವೆ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕಸಂಘಕ್ಕೆ ಹೆಸರಿತ್ತುದೂ ಇದೇ ಊರು. ದಕ್ಷಿಣ ಭಾರತದಾದ್ಯಂತ ವ್ಯವಹರಿಸಿದ ಈ ಸಂಘದ ಲೆಕ್ಕದ ಪುಸ್ತಕಗಳು ಉಳಿದುಬಂದಿಲ್ಲ. ಹಾಗಿದ್ದರೆ ವ್ಯಾಪಾರಿಯ ಸಂಪತ್ತನ್ನು ಪ್ರಭುತ್ವ ಅಳೆದದ್ದು ಹೇಗೆ?

ಶಾಸನಗಳ ಉತ್ತರ ಸ್ಪಷ್ಟವಾಗಿದೆ: ಕಣ್ಣಿಗೆ ಕಾಣುವುದನ್ನು ಎಣಿಸಿ. ಗಾಣದೆರೆ, ಮಗ್ಗದೆರೆ, ಮನೆದೆರೆಗಳು ಸ್ಥಾವರಕ್ಕೆ ಸಂಬಂಧಿಸಿದವು. ಪೆರ್ಜುಂಕ, ವಡ್ಡರಾವುಳಗಳು ಸುಂಕದ ಬಗೆಗಳು. ಸರಕಿನ ಅಳತೆ ಎತ್ತಿನ ಹೇರು. ಸಂದಾಯದ ಅಳತೆ ಗದ್ಯಾಣ, ಪಣ, ಹಾಗ, ವೀಸ. ಗಾಣ ಎಷ್ಟು ಲಾಭ ತಂದಿತೆಂದು ಕೇಳಬೇಕಿಲ್ಲ, ಗಾಣ ಇದೆಯೇ ಎಂದು ನೋಡಿದರೆ ಸಾಕು. ಇದರಿಂದ ವರ್ತಕನ ಗುಟ್ಟು ಉಳಿಯಿತು, ಅಧಿಕಾರಿಯ ಕೆಲಸ ಹಗುರಾಯಿತು; ಆದರೆ ನಷ್ಟದ ವರ್ಷದಲ್ಲಿಯೂ ತೆರೆ ತಪ್ಪದೆಂಬ ಭಾರ ಗಾಣಿಗನ ಮೇಲೆಯೇ ಬಿದ್ದಿತು.

ಬರಹಕ್ಕೆ ಬೆಲೆಯಿರಲಿಲ್ಲವೆಂದು ಇದರ ಅರ್ಥವಲ್ಲ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರವು ಲಿಖಿತ, ಭುಕ್ತಿ, ಸಾಕ್ಷಿಗಳನ್ನು ಪ್ರಮಾಣಗಳೆಂದು ವಿವೇಚಿಸುತ್ತದೆ. ಸಾಲಪತ್ರ ಇಬ್ಬರ ನಡುವಿನ ಒಪ್ಪಂದ. ವರ್ತಕನ ಲೆಕ್ಕವಾದರೋ ಒಬ್ಬನ ಕೈಬರಹ. ಹುಣಸೆಬೀಜದ ಅಂಟು ಮತ್ತು ಇದ್ದಿಲನ್ನು ಬಟ್ಟೆಗೆ ಬಳಿದು ಸಿದ್ಧಪಡಿಸಿದ ಕಪ್ಪು ಕಡತದ ಮೇಲೆ ಬಳಪದಿಂದ ಬರೆದುದನ್ನು ಒರಸಿ ಮತ್ತೆ ಬರೆಯಬಹುದಿತ್ತು. ನಿತ್ಯದ ವ್ಯವಹಾರಕ್ಕೆ ಅನುಕೂಲವಾದ ಈ ಗುಣವೇ ಶಾಶ್ವತ ಪ್ರಮಾಣಕ್ಕೆ ಅಡ್ಡಿ. ಆದ್ದರಿಂದಲೇ ಸುಂಕವನ್ನು ದೇಗುಲಕ್ಕೋ ಬಸದಿಗೋ ಬಿಟ್ಟಾಗ ಅದು ಕಲ್ಲನ್ನೇರಿತು.

ಇಲ್ಲಿ ಸಂಶೋಧಕನಿಗೊಂದು ಎಚ್ಚರಿಕೆ ಅಗತ್ಯ. ಕಲ್ಲಿನ ಮೇಲಿರುವುದು ಬಹುಮಟ್ಟಿಗೆ ದತ್ತಿಯಾಗಿ ಬಿಟ್ಟುಕೊಟ್ಟ ಸುಂಕ. ವಸೂಲಾದ ಒಟ್ಟು ಸುಂಕವಲ್ಲ. ದತ್ತಿಶಾಸನಗಳ ಮೊತ್ತ ಕೂಡಿ ಒಂದು ಪಟ್ಟಣದ ವ್ಯಾಪಾರವನ್ನು ಅಂದಾಜಿಸುವುದು, ದೇವರ ಹುಂಡಿ ಎಣಿಸಿ ಊರಿನ ಸಿರಿಯನ್ನು ಹೇಳಿದಂತೆ.

ಕಲ್ಲು ಹೇಳದ ಮುಖವನ್ನು ಸಾಹಿತ್ಯದಲ್ಲಿ ಅರಸಬೇಕು. ವಚನಕಾರರಲ್ಲಿ ಸುಂಕದ ಬಂಕಣ್ಣನೆಂಬ ಹೆಸರೇ ಇದೆ; ಹೇರು, ಸರಕು, ಸುಂಕಗಳು ಆತನಲ್ಲಿ ಅಧ್ಯಾತ್ಮದ ಪರಿಭಾಷೆಗಳಾದವು. ಶಾಸನದಲ್ಲಿ ಸುಂಕ ಹಕ್ಕಿನ ಮಾತು, ವಚನದಲ್ಲಿ ಅದು ಬದುಕಿನ ಮಾತು. ಎರಡನ್ನೂ ಜೊತೆಯಿಟ್ಟು ಓದಿದಾಗಲೇ ಒರಸಿಹೋದ ಕಡತದ ಒಂದೆರಡು ಸಾಲುಗಳಾದರೂ ಗೋಚರಿಸುತ್ತವೆ.