ಇಪ್ಪತ್ತು ವಯಸ್ಕರು, ಒಂದು ಕಾರ್ಡ್ ಫೈಲು: ಸ್ಮಾಲ್‌ಟಾಕ್ ಇತಿಹಾಸದ ಒಂದು ಪುಟದ ಮರುಓದು

ಸ್ಮಾಲ್‌ಟಾಕ್ ಪ್ರೋಗ್ರಾಮಿಂಗ್ ಭಾಷೆಯ ಮಾತು ಬಂದಾಗಲೆಲ್ಲ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಮಕ್ಕಳನ್ನು ಸಾಕ್ಷಿಗೆ ಕರೆಯುವುದು ವಾಡಿಕೆ. 12 ವರ್ಷದ ಮರಿಯನ್ ಗೋಲ್ಡೀನ್ ಬಣ್ಣ ಬಳಿಯುವ ಪ್ರೋಗ್ರಾಂ ಬರೆದಳು, ಅದೇ ವಯಸ್ಸಿನ ಸೂಸನ್ ಹ್ಯಾಮೆಟ್ ರೇಖಾಚಿತ್ರದ ಸಾಧನ ಕಟ್ಟಿದಳು, 15ರ ಸ್ಟೀವ್ ಪಟ್ಜ್ ಸರ್ಕ್ಯೂಟ್ ವಿನ್ಯಾಸಕ್ಕೆ ಕೈಹಾಕಿದ. ಇದರಿಂದ ಹೊರಡುವ ತೀರ್ಮಾನವೂ ವಾಡಿಕೆಯದೇ: ಬರೆದ ಕ್ಷಣವೇ ಫಲ ತೋರಿಸುವ ಲೈವ್ ಪರಿಸರವೊಂದನ್ನು ಕೈಗಿತ್ತರೆ ಸಾಕು, ಹೊಸಬರು ತಾವಾಗಿ ಅಪ್ಲಿಕೇಶನ್ ಕಟ್ಟುತ್ತಾರೆ. 2007ರಲ್ಲಿ ಮಹಾರಾಷ್ಟ್ರದ ಖೈರಾಟ್ ಹಳ್ಳಿಯ ಶಾಲೆಗೆ ಒಎಲ್‌ಪಿಸಿ (ಪ್ರತಿ ಮಗುವಿಗೊಂದು ಲ್ಯಾಪ್‌ಟಾಪ್) ಯೋಜನೆಯ ಲ್ಯಾಪ್‌ಟಾಪ್‌ಗಳು ಬಂದಾಗ, ಅವುಗಳೊಳಗಿನ, ಸ್ಮಾಲ್‌ಟಾಕ್ ಮೂಲದ ಮಕ್ಕಳ ಪರಿಸರ ಈಟಾಯ್ಸ್‌ನ ಜೊತೆ ಈ ನಂಬಿಕೆಯೂ ಬಂದಿತ್ತು.

ಈ ನಂಬಿಕೆಯನ್ನು ಅಲುಗಾಡಿಸುವ ಪುಟವನ್ನು ಬರೆದವರು ಸ್ಮಾಲ್‌ಟಾಕ್‌ನ ಜನಕ ಅಲನ್ ಕೇ ಅವರೇ. 1993ರ ‘ದಿ ಅರ್ಲಿ ಹಿಸ್ಟರಿ ಆಫ್ ಸ್ಮಾಲ್‌ಟಾಕ್’ ಪ್ರಬಂಧದಲ್ಲಿ ಅದು ಇದೆ. 1974ರ ವಸಂತದಲ್ಲಿ ಅವರು ಪಾರ್ಕ್‌ನ 20 ಮಂದಿ ವಯಸ್ಕರಿಗೆ ಸ್ಮಾಲ್‌ಟಾಕ್ ಕಲಿಸಿದರು; ಯಾರೂ ಪ್ರೋಗ್ರಾಮರುಗಳಲ್ಲ. ಆರಂಭದ ಪಾಠಗಳನ್ನು ಅವರು ಮಕ್ಕಳಿಗಿಂತ ಬೇಗ ಮುಗಿಸಿದರು. ಆಮೇಲೆ ಅವರಲ್ಲೊಬ್ಬರು ಹೆಸರು, ವಿಳಾಸ ಇಟ್ಟುಕೊಳ್ಳುವ ಕಾರ್ಡ್ ಫೈಲು ಮಾಡೋಣವೆಂದರು. ಒಬ್ಬರಿಂದಲೂ ಆಗಲಿಲ್ಲ. ಕೇ ಆ ರಾತ್ರಿ ತಾವೇ ಅದನ್ನು ಬರೆದು ಮರುದಿನ ತೋರಿಸಿದರು. ಆಗಲೂ ಯಾರಿಗೂ ಸ್ವಂತವಾಗಿ ಬರೆಯಲು ಸಾಧ್ಯವಾಗಲಿಲ್ಲ. ಆ ಪುಟ್ಟ ಪ್ರೋಗ್ರಾಮಿನಲ್ಲಿ ಥಟ್ಟನೆ ಹೊಳೆಯದ ವಿಚಾರಗಳೆಷ್ಟಿವೆ ಎಂದು ಕೇ ಎಣಿಸಿದರು. ಸಿಕ್ಕಿದ್ದು 17.

ಈ ಪುಟವನ್ನು ಗಮನಿಸಿದವರೂ ಅದನ್ನು ತಪ್ಪಾಗಿ ಓದುವುದುಂಟು. ಒಂದು ಓದಿನ ಪ್ರಕಾರ ಪ್ರೋಗ್ರಾಮಿಂಗ್ ಎಲ್ಲರಿಗೂ ದಕ್ಕುವ ವಿದ್ಯೆಯಲ್ಲ. ಯಾವ ವಿದ್ಯೆಯಲ್ಲಾದರೂ ಶೇ. 5ರಷ್ಟು ಜನ ಸಹಜವಾಗಿ ನುಗ್ಗುತ್ತಾರೆ ಎಂಬ ಕೇ ಅವರ ಮಾತನ್ನು ಇದಕ್ಕೆ ಆಧಾರವಾಗಿ ಕೊಡುತ್ತಾರೆ. ಆದರೆ ಸುಮಾರು ಶೇ. 80 ಮಂದಿ ಸಮಯ ಸಿಕ್ಕರೆ ಕಲಿಯಬಲ್ಲರು ಎಂದು ಅದೇ ಉಸಿರಿನಲ್ಲಿ ಹೇಳಿರುವುದನ್ನು ಬಿಟ್ಟು ಉಲ್ಲೇಖಿಸುವುದು ವಿದ್ವತ್ತಿಗೆ ಒಪ್ಪುವ ಕೆಲಸವಲ್ಲ. ಸೋತ ವಯಸ್ಕರು ಮೊದಲ ಪಾಠಗಳಲ್ಲಿ ಮಕ್ಕಳನ್ನು ಹಿಂದಿಕ್ಕಿದವರು. ಕಾರ್ಡ್ ಫೈಲಿನ ಆಲೋಚನೆಯೂ ಅವರೊಳಗಿನಿಂದಲೇ ಬಂದದ್ದು. ಬುದ್ಧಿಯ ಕೊರತೆ, ಆಸಕ್ತಿಯ ಕೊರತೆ ಎರಡನ್ನೂ ಈ ಸಾಕ್ಷ್ಯವೇ ತಳ್ಳಿಹಾಕುತ್ತದೆ.

ನನ್ನ ಓದು ಇಷ್ಟು. ಕೇ ಅವರ ಸಹೋದ್ಯೋಗಿ ಅಡೆಲ್ ಗೋಲ್ಡ್‌ಬರ್ಗ್ ರೂಪಿಸಿದ ಆರಂಭದ ಪಾಠದಲ್ಲಿ ಜೋ ಎಂಬ ಚೌಕವಿತ್ತು. ತಿರುಗು ಎಂದರೆ ತಿರುಗುತ್ತಿತ್ತು, ಬೆಳೆ ಎಂದರೆ ಬೆಳೆಯುತ್ತಿತ್ತು. ತಪ್ಪಿದರೆ ಅದೂ ಕಣ್ಣೆದುರೇ. ಕಾರ್ಡ್ ಫೈಲಿನಲ್ಲಿ ಹಾಗಲ್ಲ. ಒಂದು ಕಾರ್ಡಿನಲ್ಲಿ ಏನೇನಿರಬೇಕು, ಕಾರ್ಡುಗಳನ್ನೆಲ್ಲ ಯಾವುದರಲ್ಲಿ ಇಡಬೇಕು, ಹುಡುಕುವಾಗ ಯಾವುದಕ್ಕೆ ಯಾವುದನ್ನು ಹೋಲಿಸಬೇಕು, ಸಿಗದಿದ್ದರೆ ಏನು ಹೇಳಬೇಕು, ಇಷ್ಟನ್ನೂ ಪರದೆಯ ಮೇಲೆ ಏನೂ ಮೂಡುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಇರುವ ವಸ್ತುವಿಗೆ ಮಾತ್ರ ಲೈವ್ ಪರಿಸರ ಉತ್ತರ ಕೊಡುತ್ತದೆ; ಇನ್ನೂ ಹುಟ್ಟದ ವಸ್ತುವಿನ ವಿಷಯದಲ್ಲಿ ಅದು ಮೂಕ. ಮಕ್ಕಳ ಹೆಸರಾಂತ ಪ್ರೋಗ್ರಾಮುಗಳಲ್ಲಿ ಚಿತ್ರ ಬಿಡಿಸುವ ಸಾಧನಗಳೇ ಎದ್ದು ಕಾಣುವುದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ.

ತಪ್ಪು ಆ ವಯಸ್ಕರು ಕಲಿತ ಸ್ಮಾಲ್‌ಟಾಕ್-72ರ ವಿಚಿತ್ರ ವ್ಯಾಕರಣದ್ದು ಎನ್ನುವವರೂ ಇದ್ದಾರೆ. ಪ್ರತಿಯೊಂದು ಆಬ್ಜೆಕ್ಟೂ ತನಗೆ ಬಂದ ಸಂದೇಶವನ್ನು ತಾನೇ ಬಿಡಿಸಿ ಓದುತ್ತಿದ್ದ ಆ ಭಾಷೆ ಕಷ್ಟದ್ದು, ನಿಜ; 1976ರ ರೂಪದಲ್ಲಿ ಅದೇ ತಂಡದ ಡ್ಯಾನ್ ಇಂಗಲ್ಸ್ ಅದನ್ನು ಸರಿಪಡಿಸಿದರು. ಈ ವಾದವನ್ನು ಪರೀಕ್ಷಿಸಲು ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಿಲ್ಲ, ಕಾಸರಗೋಡು ಸಾಕು. ಕೇರಳದ ಪ್ರೌಢಶಾಲೆಗಳಲ್ಲಿ 2018ರಲ್ಲಿ ಶುರುವಾದ ಲಿಟಲ್ ಕೈಟ್ಸ್ ಕ್ಲಬ್‌ಗಳ ತರಬೇತಿಯಲ್ಲಿ ಬ್ಲಾಕುಗಳ ಭಾಷೆ ಸ್ಕ್ರ್ಯಾಚ್ ಇದೆ, ಎಂಐಟಿಯ ಆ್ಯಪ್ ಇನ್ವೆಂಟರ್ ಕೂಡ ಇದೆ. ಆ್ಯಪ್ ಇನ್ವೆಂಟರ್‌ನಲ್ಲಿ ಬ್ಲಾಕುಗಳನ್ನು ಜೋಡಿಸುವುದಷ್ಟೇ ಕೆಲಸ. ಹೊಂದದ ಬ್ಲಾಕುಗಳು ಸಾಮಾನ್ಯವಾಗಿ ಕೂಡಿಕೊಳ್ಳುವುದೇ ಇಲ್ಲ. ಫೋನಿನಲ್ಲಿ ಅದರ ಜೊತೆಗಾರ ಆ್ಯಪ್ ಕಂಪ್ಯಾನಿಯನ್ ತೆರೆದಿದ್ದರೆ ಬದಲಾವಣೆ ಅಲ್ಲಿ ಒಡನೆಯೇ ಕಾಣುತ್ತದೆ. ವ್ಯಾಕರಣದ ಗೋಜಿಲ್ಲ, ಲೈವ್ ಗುಣಕ್ಕೂ ಕೊರತೆಯಿಲ್ಲ.

ಇಲ್ಲಿ ಅದೇ ಕಾರ್ಡ್ ಫೈಲನ್ನು ಕಟ್ಟಿ ನೋಡೋಣ. ಮಾಹಿತಿಯನ್ನು ಒಂದು ಗುರುತಿನ (ಟ್ಯಾಗ್) ಅಡಿ ಉಳಿಸಲು ಟೈನಿಡಿಬಿ ಎಂಬ ಘಟಕವಿದೆ. ಅದರಿಂದ ಹಳೆಯ ಪಟ್ಟಿಯನ್ನು ತೆಗೆದು, ಹೊಸ ಹೆಸರು ಸೇರಿಸಿ, ಮತ್ತೆ ಇಡಬೇಕು. ಆ ಗುರುತಿನಲ್ಲಿ ಏನೂ ಇಲ್ಲದಿದ್ದರೆ ಯಾವ ಮೌಲ್ಯ ಕೊಡಬೇಕೆಂದು ಬ್ಲಾಕು ಕೇಳುತ್ತದೆ. ಮೊದಲೇ ಅಲ್ಲಿ ಖಾಲಿ ಅಕ್ಷರಸರಣಿಯೊಂದು ಕೂತಿರುತ್ತದೆ. ಅದನ್ನು ತೆಗೆದು ಖಾಲಿ ಪಟ್ಟಿ ಇಡದಿದ್ದರೆ ಮೊದಲ ಹೆಸರು ಸೇರಿಸುವಾಗಲೇ ದೋಷ ಬರುತ್ತದೆ, ಅಕ್ಷರಸರಣಿಗೆ ಪಟ್ಟಿಯಂತೆ ಸೇರಿಸಲು ಬರುವುದಿಲ್ಲವಲ್ಲ. ಆದರೆ ಹಿಂದಿನ ಯಾವುದೋ ಪ್ರಯತ್ನದಲ್ಲಿ ಅದೇ ಗುರುತಿನಡಿ ಪಟ್ಟಿಯೊಂದು ಉಳಿದಿದ್ದರೆ ಕಂಪ್ಯಾನಿಯನ್‌ನಲ್ಲಿ ಈ ದೋಷ ಕಾಣುವುದೇ ಇಲ್ಲ. ಅಲ್ಲಿ ತಯಾರಾಗುತ್ತಿರುವ ಆ್ಯಪ್‌ಗಳೆಲ್ಲ ಒಂದೇ ಟೈನಿಡಿಬಿಯನ್ನು ಹಂಚಿಕೊಳ್ಳುತ್ತವೆ. ಆ್ಯಪನ್ನು ಎಪಿಕೆ ಎಂಬ ಅನುಸ್ಥಾಪನಾ ಕಡತವಾಗಿ ಮಾಡಿ ಗೆಳತಿಯ ಫೋನಿಗೆ ಹಾಕಿದಾಗ ಆ್ಯಪ್ ಏನೂ ಇಲ್ಲದೆ ಶುರುವಾಗುತ್ತದೆ, ಮೊದಲ ಹೆಸರಿಗೇ ಎಡವುತ್ತದೆ. ವ್ಯಾಕರಣ ಹೋದರೂ ತೊಡಕು ಹೋಗಲಿಲ್ಲ. ದೋಷವನ್ನು ಮುಚ್ಚಿಟ್ಟದ್ದು ಲೈವ್ ಪರಿಸರವೇ.

ಇದಕ್ಕೆ ಆ್ಯಪ್ ಇನ್ವೆಂಟರ್ ಒಂದನ್ನೇ ಹೊಣೆ ಮಾಡುವಂತಿಲ್ಲ, ಹಿಂದಿನದನ್ನು ಉಳಿಸಿಕೊಳ್ಳುವ ಈ ಗುಣ ಸ್ಮಾಲ್‌ಟಾಕ್ ವಂಶದಲ್ಲೂ ಇದೆ. ಆ ವಂಶದ್ದೇ ಆದ 2009ರ ಸ್ಕ್ರ್ಯಾಚ್ 1.4ರಲ್ಲಿ ಶಿಫ್ಟ್ ಒತ್ತಿ ಲೋಗೋದ ‘ಆರ್’ ಅಕ್ಷರದ ಟೊಳ್ಳಿನಲ್ಲಿ ಕ್ಲಿಕ್ ಮಾಡಿದರೆ ಒಂದು ಮೆನು ಬರುತ್ತದೆ. ಅದರ ಮೂಲಕ ಅಡಿಯಲ್ಲಿರುವ ಸ್ಕ್ವೀಕ್ ಸ್ಮಾಲ್‌ಟಾಕ್‌ನೊಳಗೇ ಇಳಿಯಬಹುದು. ಸ್ಕ್ವೀಕ್‌ನಲ್ಲಿ ಆಬ್ಜೆಕ್ಟುಗಳೆಲ್ಲ ಇಮೇಜ್ ಎಂಬ ಕಡತದಲ್ಲಿ ಉಳಿಯುತ್ತವೆ. ನಿನ್ನೆ ಸೃಷ್ಟಿಸಿ ಉಳಿಸಿದ ಆಬ್ಜೆಕ್ಟುಗಳು ಇಂದು ತೆರೆದಾಗಲೂ ಹಾಗೇ ಇರುತ್ತವೆ. ಕಲಿಯುವವರಿಗೆ ಇದು ದೊಡ್ಡ ಆಸರೆ. ಆದರೆ ಬೇರೆಯವರ ಯಂತ್ರದಲ್ಲಿ ಓಡಬೇಕಾದ ಅಪ್ಲಿಕೇಶನ್‌ಗೆ ನಿನ್ನೆಯೆಂಬುದೇ ಇಲ್ಲ. ಮೊದಲ ಸಲ ತೆರೆದಾಗ ಏನಿರಬೇಕೆಂಬುದನ್ನೂ ಕಟ್ಟುವವರೇ ಬರೆಯಬೇಕು. ಕೇ ಅವರ ಎಣಿಕೆಯನ್ನು ಇಂದಿನ ಆ್ಯಪ್‌ಗೆ ಅನ್ವಯಿಸುವವರು ಈ ವಿಚಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು.