ಬೀದಿ ನಾಯಿಮರಿಗೆ ಮೊಬೈಲ್‌ನಲ್ಲೇ ಮನೆ ಹುಡುಕುವುದು ಹೇಗೆ? ಇಲ್ಲಿದೆ ಮಾಹಿತಿ

ಬಂಟ್ವಾಳ/ಬೆಳ್ತಂಗಡಿ/ಮೂಡುಬಿದಿರೆ: ಬಿ.ಸಿ.ರೋಡ್, ಉಜಿರೆ, ಮೂಡುಬಿದಿರೆ ಎಲ್ಲ ಕಡೆಯೂ ಹೆದ್ದಾರಿ ಪೇಟೆಗೆ ತಾಗಿಯೇ ಇದೆ. ಅಂಗಡಿ ಜಗಲಿಯಡಿ ಹುಟ್ಟಿದ ಮರಿಗಳು ಓಡಾಡಲು ಶುರು ಮಾಡಿದರೆ ಗಾಡಿಯಡಿಗೆ ಬೀಳುವುದೇ ಹೆಚ್ಚು. ಅಷ್ಟರೊಳಗೆ ಮನೆ ಸಿಕ್ಕಿದರೆ ಮರಿ ಉಳಿದೀತು. ‘ಯಾರಿಗಾದ್ರೂ ಬೇಕಾ?’ ಅಂತ ಒಂದು ಸ್ಟೇಟಸ್ ಹಾಕಿ ಬಿಟ್ಟರೆ ಸಾಕಾಗುವುದಿಲ್ಲ.

ಪೋಸ್ಟ್‌ಗೆ ಮೊದಲು
ಎಂಟು ವಾರ ಆಗುವ ತನಕ ಮರಿಯನ್ನು ತಾಯಿಯಿಂದ ಬೇರೆ ಮಾಡಬೇಡಿ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ತೋರಿಸಿ, ಜಂತುಹುಳದ ಔಷಧಿ ಕೊಡಿಸಿ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ನಂತರ ವರ್ಷಕ್ಕೊಮ್ಮೆ. ಪಶು ಸಂಜೀವಿನಿ ಸಹಾಯವಾಣಿ: 1962.

ಪೋಸ್ಟ್‌ನಲ್ಲಿ ಏನಿರಬೇಕು?
* ಹಗಲು ಬೆಳಕಿನಲ್ಲಿ ತೆಗೆದ ಫೋಟೋ, ಹತ್ತು ಸೆಕೆಂಡಿನ ವೀಡಿಯೊ
* ಗಂಡೋ ಹೆಣ್ಣೋ, ಎಷ್ಟು ವಾರ, ಯಾವ ಲಸಿಕೆ ಆಗಿದೆ
* ಊರಿನ ಹೆಸರು ಮಾತ್ರ. ಮರಿ ಇರುವ ಲೊಕೇಶನ್ ಹಾಕಬೇಡಿ
* ಹಾಕಿದ ತಾರೀಕು. ಮನೆ ಸಿಕ್ಕಿದ ಕೂಡಲೇ ಪೋಸ್ಟ್ ತೆಗೆಯಿರಿ, ಇಲ್ಲದಿದ್ದರೆ ಆರು ತಿಂಗಳಾದರೂ ಫಾರ್ವರ್ಡ್ ಆಗ್ತಾ ಇರುತ್ತದೆ

ಹೆಣ್ಣು ಮರಿ ಬೇಡ ಅನ್ನುವವರೇ ಜಾಸ್ತಿ. ಸಂತಾನಹರಣ ಚಿಕಿತ್ಸೆಗೆ ನಾವೂ ಜೊತೆಗೆ ಬರುತ್ತೇವೆ ಅಂತ ಬರೆದರೆ ಒಪ್ಪುವವರು ಸಿಗುತ್ತಾರೆ.

ಕೊಡುವ ಮೊದಲು
ವೀಡಿಯೊ ಕಾಲ್ ಮಾಡಿ ಮನೆ, ಅಂಗಳ ನೋಡಿ. ತೋಟ ಕಾಯಲು ಬೇಕು ಅನ್ನುವವರಲ್ಲಿ ದಿನವಿಡೀ ಕಟ್ಟಿ ಹಾಕುತ್ತಾರಾ ಎಂದು ಕೇಳಿ. ಸಾಗಾಟ ಖರ್ಚು ಅಂತ ಯಾರಾದರೂ ಮುಂಗಡ ಕೇಳಿದರೆ ಹಣ ಹಾಕಬೇಡಿ. ತಿಂಗಳ ನಂತರ ಒಂದು ಫೋಟೋ ಕೇಳಿ ತರಿಸಿಕೊಳ್ಳಿ.

ಕ್ಯೂಆರ್, ಮೈಕ್ರೋಚಿಪ್
2023ರಲ್ಲಿ ಮುಂಬೈ ವಿಮಾನ ನಿಲ್ದಾಣದ ಹೊರಗಿನ ಬೀದಿ ನಾಯಿಗಳಿಗೆ ಕ್ಯೂಆರ್ ಕೋಡ್ ಪಟ್ಟಿ ಹಾಕಲಾಗಿತ್ತು. ಸ್ಕ್ಯಾನ್ ಮಾಡಿದರೆ ನಾಯಿಯ ಹೆಸರು, ಲಸಿಕೆ, ನೋಡಿಕೊಳ್ಳುವವರ ನಂಬರ್ ಬರುತ್ತದೆ. ಮೈಕ್ರೋಚಿಪ್ ಅಂದರೆ ಚರ್ಮದಡಿ ಹಾಕುವ ಅಕ್ಕಿಕಾಳಿನಷ್ಟು ಚಿಪ್, ಅದರಲ್ಲಿ 15 ಅಂಕೆಯ ಸಂಖ್ಯೆ ಇರುತ್ತದೆ. ಅದು ಜಿಪಿಎಸ್ ಅಲ್ಲ, ನಾಯಿ ಎಲ್ಲಿದೆ ಎಂದು ತೋರಿಸುವುದಿಲ್ಲ. ಬೆಂಗಳೂರಿನಲ್ಲಿ 2023ರ ಗಣತಿಯನ್ನೂ ಆ್ಯಪ್ ಬಳಸಿಯೇ ಮಾಡಿದ್ದು, ಸಿಕ್ಕಿದ ಲೆಕ್ಕ ಸುಮಾರು 2.79 ಲಕ್ಷ ನಾಯಿಗಳು.

ಕಾನೂನು ಏನು ಹೇಳುತ್ತದೆ?
2023ರ ಎಬಿಸಿ ನಿಯಮದಂತೆ ಚಿಕಿತ್ಸೆ, ಲಸಿಕೆ ಆದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು. ಆದರೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿದೆ. ಹಾಗಾಗಿ ಇಂಥ ನಾಯಿಗಳಿಗೆ ಮನೆ ಸಿಗುವುದು ಈಗ ಇನ್ನೂ ಮುಖ್ಯ. ಬೀದಿ ನಾಯಿ ದತ್ತು ಬೇಕಾದವರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಡಬಹುದು ಎಂದು ಅದೇ ವರ್ಷದ ಆಗಸ್ಟ್ 22ರ ಆದೇಶದಲ್ಲಿದೆ. ಪಡೆದ ಮೇಲೆ ಮತ್ತೆ ಬೀದಿಗೆ ಬಿಡುವ ಹಾಗಿಲ್ಲ. ಬಂಟ್ವಾಳ, ಮೂಡುಬಿದಿರೆಯವರು ಪುರಸಭೆಯಲ್ಲಿ, ಬೆಳ್ತಂಗಡಿಯವರು ಪಟ್ಟಣ ಪಂಚಾಯತ್‌ನಲ್ಲಿ, ಹಳ್ಳಿಯವರು ಗ್ರಾಮ ಪಂಚಾಯತ್‌ನಲ್ಲಿ ವಿಚಾರಿಸಿ.

ಗಮನಿಸಿ: ಮರಿ ಚಿಕ್ಕದು ಅಂತ ಕಚ್ಚಿದ್ದನ್ನು, ಪರಚಿದ್ದನ್ನು ಅಸಡ್ಡೆ ಮಾಡಬೇಡಿ. ಸೋಪು ಹಾಕಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ತೀರಾ ಅಪರೂಪ.